ಬರದ ದೋಣಿ

ಹೊಳೆದಂಡೆಯ ಮಠದಲ್ಲಿ ಮಧ್ಯಾಹ್ನದ ಪಂಕ್ತಿ ಕೂತಿತ್ತು. ಬಡಿಸುವ ಪಾಳಿ ಇಂದುಧರನದು. ಗೋಧಿ ಪಾಯಸ ಅರ್ಧ ಸಾಲಿಗೇ ತಳ ಕಂಡಿತು.

ಉಳಿದವರು ಎಲೆಯ ಮೇಲಿನ ಅನ್ನವನ್ನು ಒತ್ತಟ್ಟಿಗೆ ಸರಿಸಿಕೊಂಡು ಕಾಯುತ್ತಿದ್ದರು.

"ಬಂತು, ಬಂತು" ಎಂದವನೇ ಇಂದುಧರ ಖಾಲಿ ಬಕೆಟ್ ಹಿಡಿದು ಅಡುಗೆಮನೆ ಸೇರಿದ. ಸೇರಿದವನು ಹೊರಗೆ ಬರಲಿಲ್ಲ.

ಬಡಿಸುವವರು "ಆಯಿತು" ಅನ್ನುವ ತನಕ ಪಂಕ್ತಿ ಏಳಬಾರದು ಎನ್ನುವುದು ಆ ಮಠದ ಪದ್ಧತಿ. ಉಂಡ ಕೈಗಳು ಒಣಗಿದವು. ಸಾಲಿನ ಕೊನೆಯಲ್ಲಿ ಗುರುಗಳಾದ ಅಜ್ಜಯ್ಯನೂ ಕೂತಿದ್ದರು. ಅವರಿಗೆ ಪಾಯಸವೆಂದರೆ ಪ್ರಾಣ, ಅದು ಊರಿಗೇ ಗೊತ್ತು.

ಕೊನೆಗೆ ಪದ್ಧತಿ ಮಾಡಿದ ಅಜ್ಜಯ್ಯನೇ ಅದನ್ನು ಮುರಿದು ಎದ್ದರು. ಎಂಜಲು ಕೈಯಲ್ಲೇ ಅಡುಗೆಮನೆಗೆ ಬಂದರು. ಶಿಷ್ಯ ನೀರಿನ ಹಂಡೆಯ ಹಿಂದೆ ನಿಂತಿದ್ದ.

"ಪಾಯಸ ಎಲ್ಲಪ್ಪಾ?"

"ಮುಗೀತು, ಅಜ್ಜಯ್ಯಾ."

"ಮತ್ತೆ ಬಂತು ಅಂದ್ಯಲ್ಲ?"

"ಮುಗೀತು ಅನ್ನೋಕೆ ಬಾಯಿ ಬರಲಿಲ್ಲ. ಎಷ್ಟು ಆಸೆಯಿಂದ ಕೂತಿದ್ರು!"

"ಇದು ಹೊಸ ಅಭ್ಯಾಸವೋ, ಹಳೇದೋ?"

ಇಂದುಧರನಿಗೆ ಅಳು ಬಂತು. ಮಠಕ್ಕೆ ಬಂದು ಎಂಟು ತಿಂಗಳಾದರೂ ಯಾರಿಗೂ ಹೇಳದ್ದನ್ನು ಅಲ್ಲೇ ಹೇಳಿದ.

ಅವನು ಕಂಪ್ಯೂಟರ್ ಆಟ ಕಟ್ಟುತ್ತಿದ್ದವನು. ನಾಲ್ವರು ಗೆಳೆಯರು ಸೇರಿ ಒಂದು ನದಿಯ ಆಟ ಶುರು ಮಾಡಿದ್ದರು. ಈಗಲೇ ಆಡುತ್ತಿರಿ, ಉಳಿದದ್ದನ್ನು ಕಟ್ಟುತ್ತ ಹೋಗುತ್ತೇವೆ ಎಂದು ಅರ್ಧ ಆದಾಗಲೇ ಜನರ ಕೈಗೆ ಕೊಟ್ಟರು. ಅದರಲ್ಲಿ ಈಚೆ ದಡವಷ್ಟೇ ಇತ್ತು. ಅಲ್ಲೊಬ್ಬ ಅಜ್ಜಿ ನಿಂತು, ಆಚೆ ದಡಕ್ಕೆ ದಾಟಲು ಬಂದವರಿಗೆಲ್ಲ "ನಾಳೆ ದೋಣಿ ಬರುತ್ತೆ" ಎನ್ನುತ್ತಿದ್ದಳು. ಎರಡು ವರ್ಷದ ಮೇಲೆ ಗೆಳೆಯರು ಚದುರಿದರು, ಕೆಲಸ ನಿಂತಿತು. ನಿಂತಿತೆಂದು ಆಡುವವರಿಗೆ ಯಾರೂ ಹೇಳಲಿಲ್ಲ.

"ಆಡೋರು ಒಬ್ಬೊಬ್ಬರೇ ಬಿಟ್ಟು ಹೋದ್ರು, ಅಜ್ಜಯ್ಯಾ. ಒಬ್ಬರು ಮಾತ್ರ ಹೋಗಿಲ್ಲ. ಮೆಹರುನ್ನೀಸಾ ಅಂತ, ಬಟ್ಟೆ ಹೊಲಿಯೋರು. ದಿನಾ ಅಂಗಡಿ ತೆಗೆಯೋ ಮುಂಚೆ ಆಟದಲ್ಲಿ ಈಚೆ ದಡಕ್ಕೆ ಹೋಗಿ ಸ್ವಲ್ಪ ಹೊತ್ತು ನಿಲ್ತಾರಂತೆ. ಇವತ್ತೂ ದೋಣಿ ಬರಲಿಲ್ಲ ಅಂತ ನನಗೆ ಬರೀತಾರೆ."

"ನೀನೇನು ಬರೆದೆ?"

"ಏನೂ ಬರೆದಿಲ್ಲ."

"ಅಜ್ಜಿ ಇನ್ನೂ ನಾಳೆ ಅಂತಿದಾಳಾ?"

"ಅವಳು ಬರೀ ಚಿತ್ರ. ನಾವು ಬರೆದಿದ್ದನ್ನ ಹೇಳ್ತಾಳೆ."

"ಪಾಪದ ಮುದುಕಿ. ನಿನ್ನ ಸುಳ್ಳನ್ನ ಅವಳ ಕೈಲಿ ಹೇಳಿಸಿ, ನೀನು ಇಲ್ಲಿ ಹಂಡೆ ಹಿಂದೆ ನಿಂತಿದೀಯ."

ಅಜ್ಜಯ್ಯ ಖಾಲಿ ಬಕೆಟ್ಟನ್ನು ಅವನ ಕೈಗಿತ್ತರು. "ಮೊದಲು ಇಲ್ಲಿಯವರಿಗೆ ಹೇಳು."

ಇಂದುಧರ ಸಾಲಿನ ನಡುವೆ ಹೋಗಿ ನಿಂತ. "ಪಾಯಸ ಮುಗೀತು. ನಿಮಗೆ ಸಿಗಲಿಲ್ಲ. ತಪ್ಪಾಯ್ತು."

"ಅಷ್ಟೇ ತಾನೆ?" ಎಂದಳು ಒಬ್ಬ ಹೆಂಗಸು. "ಆಗ್ಲೇ ಹೇಳಿದ್ರೆ ಮಜ್ಜಿಗೆ ಅನ್ನ ಉಂಡು ಎದ್ದಿರ್ತಿದ್ವಿ. ಹಾಕಪ್ಪಾ, ಹಾಕು."

ಸಂಜೆ ಅವನು ಮಠದ ಕಂಪ್ಯೂಟರ್ ಮುಂದೆ ಕೂತ. ಅಜ್ಜಿಯ ಹಳೆಯ ಮಾತನ್ನು ಅಳಿಸಿ, "ದೋಣಿ ಬರೋದಿಲ್ಲ. ಇಷ್ಟು ದಿನ ಕಾಯಿಸಿದೆ" ಎಂದು ಬರೆದ. ಮೆಹರುನ್ನೀಸಾರಿಗೂ ಅದನ್ನೇ ಬರೆದ.

ಮೂರನೇ ದಿನ ಉತ್ತರ ಬಂತು. ಅಜ್ಜಯ್ಯ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಇಂದುಧರ ಅಲ್ಲಿಗೇ ಹೋದ.

"ಬೈದಿದಾರಾ?"

"ಇಲ್ಲ. ಬೇಜಾರಾಗಿ ಒಂದು ದಿನ ಅಂಗಡಿ ತೆಗೀಲಿಲ್ಲವಂತೆ. ಹೋಗಲಿ, ಆಚೆ ದಡದಲ್ಲಿ ಏನಿತ್ತು, ಅದನ್ನಾದ್ರೂ ಹೇಳಿ ಅಂತ ಬರೆದಿದಾರೆ."

"ಹೇಳು ಮತ್ತೆ."

"ಆಚೆ ದಡ ಕಟ್ಟಲೇ ಇಲ್ಲ, ಅಜ್ಜಯ್ಯಾ. ನನ್ನ ಮನಸ್ಸಲ್ಲಿ ಮಾತ್ರ ಇತ್ತು. ಅಲ್ಲಿಗೆ ಹೋಗೋ ಆಸೆ ಅವರಿಗಿಂತ ನನಗೇ ಹೆಚ್ಚಿತ್ತು. ಈಗಲೂ ಇದೆ. ಬರಲ್ಲ ಅಂತ ನಾನೇ ಬರೆದ ಮೇಲೂ ಇದೆ. ಇದನ್ನ ಏನು ಮಾಡಲಿ?"

ಅಜ್ಜಯ್ಯ ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಕೂತರು.

"ಬಾ, ಕೂತ್ಕೋ. ಆಚೆ ದಡದಲ್ಲಿ ದೋಣಿ ಇಳಿದ್ವಿ ಅಂದ್ಕೋ. ಆಮೇಲೆ?"