ಕೆರೆ ದಾಟಿದ ಚೆಂಡು

ಗಾಲ್ಫ್ ಮೈದಾನದ ಕೆರೆ ದಾಟಿಸಲು ಚೆಂಗಪ್ಪನವರಿಗೆ ತೆಳ್ಳನೆ ತಲೆಯ ಲಾಂಗ್ ಐರನ್ ಕೋಲೇ ಆಗಬೇಕು. ಹೊಡೆದದ್ದೆಲ್ಲ ನೀರಿಗೆ. ಪ್ಯಾಂಟು ಮಡಚಿಕೊಂಡು ಕೆರೆಗಿಳಿದು ಚೆಂಡು ಹುಡುಕುವವನು ಅವರ ಚೀಲ ಹೊರುವ ಕ್ಯಾಡಿ ಜವರಯ್ಯ.

“ಹೈಬ್ರಿಡ್ ತಗೊಳ್ಳಿ ಸಾರ್. ಅದರ ತಲೆ ದಪ್ಪ, ಚೆಂಡು ಸಲೀಸಾಗಿ ಮೇಲೇಳುತ್ತೆ.”

“ಅದು ಮುದುಕರ ಕೋಲು ಕಣಯ್ಯ! ನನಗಿನ್ನೂ ಎಪ್ಪತ್ತೆರಡು.”

ಮರುದಿನ ಕೆರೆ ಹತ್ತಿರ ಬಂದಾಗ ಜವರಯ್ಯ ಹೈಬ್ರಿಡ್ಡಿಗೆ ಟವೆಲ್ ಸುತ್ತತೊಡಗಿದ.

“ಏನದು ಬಚ್ಚಿಡ್ತಿರೋದು?”

“ನಿಮ್ಮ ಎದುರಾಳಿ ಬೆಳ್ಯಪ್ಪನವರು ಹೇಳಿದ್ದಾರೆ ಸಾರ್. ಇದನ್ನ ನಿಮ್ಮ ಕೈಗೆ ಮಾತ್ರ ಕೊಡಬಾರದಂತೆ.”

“ಹೇಳೋಕೆ ಅವನ್ಯಾರು? ಕೊಡು ಇಲ್ಲಿ!”

ಚೆಂಡು ಕೆರೆ ದಾಟಿ ಹುಲ್ಲಿನ ಮೇಲೆ ಬಿತ್ತು. ಚೆಂಗಪ್ಪನವರು ಮೀಸೆ ತಿರುವಿದರು.

“ಬೆಳ್ಯಪ್ಪನ ಹೊಟ್ಟೆಕಿಚ್ಚು ನೋಡಿದ್ಯಾ?”

“ನೋಡಿದೆ ಸಾರ್,” ಎನ್ನುತ್ತ ಜವರಯ್ಯ, ಮುಂಚೆಯೇ ಮಡಚಿಕೊಂಡಿದ್ದ ಪ್ಯಾಂಟನ್ನು ನೆಮ್ಮದಿಯಾಗಿ ಇಳಿಬಿಟ್ಟ.