ಗಾಣದ ಎತ್ತು ಸತ್ತಿತೋ, ಬದುಕಿತೋ?

ಗದಗಿನಲ್ಲಿ ಒಂದು ಓದುವ ಬಳಗವಿತ್ತು. ಬಳಗದವರು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಕಣ್ಣು ಕಾಣದವರಿಗೂ ಓದಲು ಬಾರದವರಿಗೂ ಪುಕ್ಕಟೆ ಕೇಳಿಸುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಸಿಗುತ್ತಿದ್ದದ್ದು ತಿಂಗಳಿಗೊಂದು ಸಭೆ, ಸಭೆಯಲ್ಲಿ ಒಂದು ಕಪ್ ಚಹಾ, ಜೊತೆಗೆ ಬೇಕಾದಷ್ಟು ಜಗಳ.

ಬಳಗದ ಹಿರಿಯರು ಹಂಪಣ್ಣ ಮಾಸ್ತರರು. ಎಲ್ಲರೂ ಕಳಿಸಿದ ಅಧ್ಯಾಯಗಳನ್ನು ಜೋಡಿಸುವ ಕೆಲಸ ಅವರದು. ರೆಕಾರ್ಡಿಂಗಿನಲ್ಲಿ ಕೆಮ್ಮು ಕೇಳಿಸಿದರೆ ಕತ್ತರಿ. ಕುಕ್ಕರಿನ ಸೀಟಿ ಕೇಳಿಸಿದರೆ ಕತ್ತರಿ. ಒಮ್ಮೆ ಹಲ್ಲಿ ಲೊಚಗುಟ್ಟಿದ್ದನ್ನೂ ಅವರು ಬಿಟ್ಟಿರಲಿಲ್ಲ. "ಪುಸ್ತಕದಾಗ ಇದ್ದದ್ದು ಓದ್ರಿ, ಇಲ್ಲದ್ದು ಓದಬ್ಯಾಡ್ರಿ" ಎಂಬುದು ಅವರ ಒಂದೇ ಕಾನೂನು.

ಇನ್ನೊಂದು ಪದ್ಧತಿಯೂ ಇತ್ತು. ಯಾವ ಪುಸ್ತಕವಾದರೂ ಹೊರಗೆ ಹೋಗುವ ಮುಂಚೆ ಬಸಲಿಂಗವ್ವ ಅದನ್ನು ಮೊದಲು ಕೇಳಬೇಕು. ಬಸಲಿಂಗವ್ವನಿಗೆ ಹುಟ್ಟಿನಿಂದ ಕಣ್ಣಿಲ್ಲ. ತಮ್ಮ ಮಲ್ಲೇಶಪ್ಪನ ಮನೆಯಲ್ಲಿರುವ ಹೆಣ್ಣುಮಗಳು. ಆಕೆ ಕಥೆ ಪೂರ್ತಿ ಕೇಳಿ ಕೊನೆಗೆ "ಹೂಂ" ಅನ್ನಬೇಕು. ಆ ಹೂಂ ಬಂತೆಂದರೆ ಪುಸ್ತಕ ಪಾಸು. ಬರಲಿಲ್ಲವೆಂದರೆ ಮತ್ತೆ ಓದು. ಮಾಸ್ತರರು ಜಗತ್ತಿನಲ್ಲಿ ಹೆದರುತ್ತಿದ್ದದ್ದು ಈ ಒಂದು ಹೂಂಕಾರಕ್ಕೆ ಮಾತ್ರ.

ಬಳಗಕ್ಕೆ ಹತ್ತು ವರ್ಷ ತುಂಬುತ್ತಾ ಬಂತು. ವಾರ್ಷಿಕೋತ್ಸವಕ್ಕೆ ಒಂದು ವಿಶೇಷ ಪುಸ್ತಕ ತರಬೇಕು ಎಂದು ನಿರ್ಧಾರವಾಯಿತು. ಅದಕ್ಕೆ ಒಂದು ಹಳೆಯ ಕಥೆ ಆರಿಸಿದರು. ಎಣ್ಣೆಯ ಗಾಣ ನಡೆಸುವ ಒಬ್ಬಳು ಮುದುಕಿ, ಅವಳ ಗಾಣ ತಿರುಗಿಸುವ ಒಂದು ಕೆಂದೆತ್ತು. ಅವಳಿಗೆ ಅದರ ಹೊರತು ಯಾರೂ ಇಲ್ಲ. ಏಳನೆಯ ಅಧ್ಯಾಯದಲ್ಲಿ ಎತ್ತು ಸಾಯುತ್ತದೆ. ಅಲ್ಲಿಂದ ಮುಂದೆ ಮುದುಕಿ ಹೇಗೆ ಬದುಕಿದಳು ಎಂಬುದೇ ಕಥೆ.

ಅಧ್ಯಾಯಗಳನ್ನು ಹಂಚಿದರು. ಏಳನೆಯದು ಸುವರ್ಣಾಳ ಪಾಲಿಗೆ ಬಂತು. ಸುವರ್ಣಾ ಮಲ್ಲೇಶಪ್ಪನ ಹೆಂಡತಿ, ಅಂದರೆ ಬಸಲಿಂಗವ್ವನ ತಮ್ಮನ ಹೆಂಡತಿ. ಒಳ್ಳೆಯ ಕಂಠ, ಅದಕ್ಕಿಂತ ಒಳ್ಳೆಯ ಮನಸ್ಸು. ಎಡವಟ್ಟು ಆದದ್ದು ಆ ಒಳ್ಳೆಯ ಮನಸ್ಸಿನಿಂದಲೇ.

ಯಾಕೆಂದರೆ ಆ ಮನೆಯಲ್ಲಿ ಒಂದು ಗುಟ್ಟಿತ್ತು. ಬಸಲಿಂಗವ್ವನಿಗೆ ಶಾವಂತ್ರೆವ್ವ ಎಂಬ ಅಕ್ಕ, ವಿಜಯಪುರದಲ್ಲಿ ಮಗಳ ಮನೆಯಲ್ಲಿದ್ದಳು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಫೋನು ಬರಬೇಕು. ಇಬ್ಬರೂ ಅಂದು ತಿಂದದ್ದು, ಉಂಡದ್ದು, ಬೈದದ್ದು ಎಲ್ಲಾ ಹೇಳಿಕೊಳ್ಳಬೇಕು. ಆ ಅಕ್ಕ ಎರಡು ತಿಂಗಳ ಹಿಂದೆ ತೀರಿಕೊಂಡಳು. ಆಗಷ್ಟೇ ಬಸಲಿಂಗವ್ವನಿಗೆ ಹೃದಯದ ಆಪರೇಷನ್ ಆಗಿತ್ತು. ಮನಸ್ಸಿಗೆ ಆಘಾತ ಆಗಬಾರದು ಎಂದು ಡಾಕ್ಟರು ಹೇಳಿದ್ದರು. ಗಂಡ ಹೆಂಡತಿ ಸಾವಿನ ಸುದ್ದಿಯನ್ನು ನುಂಗಿಕೊಂಡರು. ಸ್ವಲ್ಪ ದಿನ ಹೋಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡರು. ಆ ಆಮೇಲೆ ಬರಲೇ ಇಲ್ಲ.

ಈಗ ಸುವರ್ಣಾ ಏಳನೆಯ ಅಧ್ಯಾಯ ತೆಗೆದುಕೊಂಡು ದೇವರ ಕೋಣೆಯಲ್ಲಿ ಕೂತಳು. ಮನೆಯಲ್ಲಿ ಸದ್ದಿಲ್ಲದ ಜಾಗ ಅದೊಂದೇ. ಓದುತ್ತಾ ಓದುತ್ತಾ ಎತ್ತು ಸಾಯುವ ಸಾಲು ಬಂತು. ಅವಳಿಗೆ ಬಾಯಿ ಬರಲಿಲ್ಲ. ದೇವರ ಮುಂದೆ ಸಾವಿನ ಮಾತು ಹೇಗೆ ಓದುವುದು? ಅದೂ ಮೊದಲು ಕೇಳುವವರು ಬಸಲಿಂಗವ್ವ ಅಕ್ಕಾರು. ಎತ್ತು ಸತ್ತದ್ದು ಕೇಳಿ ಎದೆ ಹಿಡಿದುಕೊಂಡರೆ? ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಪುಸ್ತಕದಿಂದ ಕಣ್ಣು ತೆಗೆದು ತನ್ನ ಮನಸ್ಸಿನಿಂದ ಓದಿದಳು. "ಮುದುಕಿ ಎತ್ತಿನ ಬೆನ್ನು ಸವರಿದಳು. ಬೆಳಗಾದಾಗ ಎತ್ತು ಎದ್ದು ಹಿಂಡಿ ತಿಂದಿತು."

ಅಷ್ಟೇ. ಎತ್ತು ಬದುಕಿತು. ಸುವರ್ಣಾಳಿಗೆ ಸಮಾಧಾನವಾಯಿತು.

ಆದರೆ ಎಂಟನೆಯ ಅಧ್ಯಾಯ ಪ್ರಾಣೇಶರಾಯರದು. ಅವರು ಅಕ್ಷರ ಬಿಡದ ಮನುಷ್ಯ, ಸಾಲು ಬದಲಿಸಿ ಎಂದು ಅವರನ್ನು ಕೇಳುವ ಧೈರ್ಯ ಸುವರ್ಣಾಳಿಗೆ ಆಗಲಿಲ್ಲ. ಪುಸ್ತಕದಲ್ಲಿದ್ದಂತೆ ಮುದುಕಿ ಎದೆ ಬಡಿದುಕೊಂಡು ಅಳುವುದನ್ನು, ಓಣಿಯವರೆಲ್ಲಾ ಬಂದು ಸಮಾಧಾನ ಹೇಳುವುದನ್ನು ಗದ್ಗದ ಕಂಠದಲ್ಲಿ ಓದಿ ಕಳಿಸಿದರು. ಒಂಬತ್ತನೆಯದು ಶಮೀಮಾ ಟೀಚರದು. ಅದರಲ್ಲಿ ಮುದುಕಿ ಸತ್ತ ಎತ್ತಿನ ಬದಲು ಹೊಸ ಎತ್ತು ತರುತ್ತಾಳೆ. ಸುವರ್ಣಾ ಅವರಿಗೆ ಫೋನ್ ಮಾಡಿ ಗುಟ್ಟಾಗಿ ಬೇಡಿಕೊಂಡಿದ್ದಳು. ಶಮೀಮಾ ಟೀಚರೂ ಕರುಳಿದ್ದವರೇ. ಬದಲು ಎಂಬ ಮಾತನ್ನೇ ಬಿಟ್ಟು, "ಜೊತೆಗಿರಲಿ ಎಂದು ಇನ್ನೊಂದು ಎತ್ತು ತಂದಳು" ಎಂದು ಓದಿದರು. ಒಂಟೆತ್ತಿನ ಗಾಣಕ್ಕೆ ಇನ್ನೊಂದು ಎತ್ತು ಯಾಕೆ ಎಂದು ಯಾರೂ ಕೇಳಲಿಲ್ಲ. ಹತ್ತನೆಯ ಅಧ್ಯಾಯ ಮತ್ತೆ ಪ್ರಾಣೇಶರಾಯರದೇ. ಅದರಲ್ಲಿ ಮುದುಕಿ ಎತ್ತನ್ನು ಹೂಳಿದ ಜಾಗದಲ್ಲಿ ಬೇವಿನ ಸಸಿ ನೆಡುತ್ತಾಳೆ. ಅವರು ಚಾಚೂ ತಪ್ಪದೆ ನೆಟ್ಟರು.

ಎಂದಿನಂತೆ ಯಾರಾದರೂ ಪುಸ್ತಕ ಹಿಡಿದುಕೊಂಡು ಕೇಳಿದ್ದರೆ ಸಿಕ್ಕಿಬೀಳುತ್ತಿತ್ತು. ಆದರೆ ವಾರ್ಷಿಕೋತ್ಸವದ ಗಡಿಬಿಡಿ. ಮಾಸ್ತರರು ಕೆಮ್ಮು ಕತ್ತರಿಸಿದರು, ಸೀಟಿ ಕತ್ತರಿಸಿದರು, ಅಧ್ಯಾಯಗಳನ್ನು ಜೋಡಿಸಿದರು. ಎತ್ತಿನ ಕಡೆ ನೋಡಲಿಲ್ಲ.

ಭಾನುವಾರ ಎಲ್ಲರೂ ಮಲ್ಲೇಶಪ್ಪನ ಪಡಸಾಲೆಯಲ್ಲಿ ಸೇರಿದರು. ಬಸಲಿಂಗವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಕಥೆ ಶುರುವಾಯಿತು. ಆರು ಅಧ್ಯಾಯ ಸರಾಗ ಹೋದವು. ಏಳನೆಯದು ಮುಗಿದಾಗ ಅವಳು ತಲೆಯಾಡಿಸಿದಳು. ಎಂಟನೆಯದು ಶುರುವಾದ ಸ್ವಲ್ಪ ಹೊತ್ತಿಗೆ ಕೈ ಎತ್ತಿದಳು.

"ಮಾಸ್ತರ, ನಿಂದರಸ್ರಿ. ಎತ್ತು ಮುಂಜಾನೆದ್ದು ಹಿಂಡಿ ತಿಂದೈತಿ. ಮತ್ತ ಈ ಮುದುಕಿ ಯಾಕ ಅಳಾಕತ್ತಾಳ?"

ಮಾಸ್ತರರು ಪ್ರಾಣೇಶರಾಯರ ಮುಖ ನೋಡಿದರು. ಪ್ರಾಣೇಶರಾಯರು ಸುವರ್ಣಾಳ ಮುಖ ನೋಡಿದರು. ಸುವರ್ಣಾ ಚಹಾದ ಕಪ್ಪು ನೋಡಿದಳು.

"ಸಂತೋಷಕ್ಕ ಅತ್ತಿರಬೇಕ್ರಿ" ಅಂದರು ಶಮೀಮಾ ಟೀಚರು.

"ಸಂತೋಷಕ್ಕ ಎದಿ ಬಡಕೊಂತಾರೇನು? ಹೋಗ್ಲಿ, ಮುಂದ ಹಚ್ರಿ."

ಮುಂದೆ ಹಚ್ಚಿದರು. ಗಾಣಕ್ಕೆ ಇನ್ನೊಂದು ಎತ್ತು ಬಂತು. ಬಸಲಿಂಗವ್ವನ ಹುಬ್ಬು ಗಂಟಿಕ್ಕಿತು. ಹತ್ತನೆಯ ಅಧ್ಯಾಯದಲ್ಲಿ ಬೇವಿನ ಸಸಿ ನೆಟ್ಟ ಕೂಡಲೇ ಮತ್ತೆ ಕೈ ಮೇಲೆ ಹೋಯಿತು.

"ಇದ್ದದ್ದು ಒಂದೆತ್ತು. ಅದು ಬದುಕೈತಿ. ತಂದದ್ದು ಇನ್ನೊಂದೆತ್ತು. ಅದೂ ಬದುಕೈತಿ. ಮತ್ತ ಹೂಳಿದ್ದು ಯಾವ ಎತ್ತು?"

ಪಡಸಾಲೆಯಲ್ಲಿ ಗೊಂದಲವೋ ಗೊಂದಲ. ನೆರೆಮನೆಯ ಎತ್ತು ಇರಬಹುದು ಅಂದರು ಒಬ್ಬರು. ಅದು ಎತ್ತಲ್ಲ, ಆಕಳು ಇರಬಹುದು ಅಂದರು ಇನ್ನೊಬ್ಬರು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು. ಪ್ರಾಣೇಶರಾಯರಂತೂ "ನಾ ಪುಸ್ತಕದಾಗ ಇದ್ದದ್ದ ಓದೀನ್ರಿ" ಎಂದು ಅಳುವ ಹಾಗಾದರು. ನಿಜ ಹೇಳಬೇಕೆಂದರೆ, ಈ ಕಥೆ ಹೇಳುವ ನನಗೂ ಇಲ್ಲಿಗೆ ಬಂದಾಗ ಎತ್ತುಗಳ ಲೆಕ್ಕ ತಪ್ಪುತ್ತದೆ.

ಬಸಲಿಂಗವ್ವ ಚಾಚಿದ ಕಾಲು ಮಡಚಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು:

"ನಮ್ಮ ಮನ್ಯಾಗೂ ಹಿಂಗ ನಡದೈತಿ, ಮಾಸ್ತರ. ನಮ್ಮಕ್ಕನ ಫೋನ್ ಬರಂಗಿಲ್ಲ. ಕೇಳಿದ್ರ, ಫೋನ್ ನೀರಾಗ ಬಿದ್ದೈತಿ ಅಂತಾನ ನನ್ನ ತಮ್ಮ. ಗಂಟಲ ಆಪರೇಷನ್ ಆಗೈತಿ, ಮಾತಾಡಂಗಿಲ್ಲ ಅಂತಾಳ ಸುವರ್ಣಾ. ಕೆಟ್ಟದ್ದು ಫೋನೋ, ಗಂಟಲೋ? ನಾ ಒಳಗ ಬಂದ್ರ ಎಲ್ಲಾರೂ ಗಪ್ಪಾಗ್ತಾರ. ನನಗ ಕಣ್ಣು ಕಾಣಂಗಿಲ್ಲ ಖರೆ. ಆದ್ರ ಗಪ್ಪಾಗೋದು ಕೇಳಸ್ತೈತಿ."

ಬಾಗಿಲಲ್ಲಿ ನಿಂತಿದ್ದ ಮಲ್ಲೇಶಪ್ಪ ಮುಖ ಆಚೆ ತಿರುಗಿಸಿದ.

"ಎರಡು ತಿಂಗಳಾತು. ಅಳಬೇಕೋ, ಸಿಟ್ಟಾಗಬೇಕೋ ತಿಳೀವಲ್ದು. ನಮ್ಮಕ್ಕಗ ನನ್ನ ಮ್ಯಾಲೆ ಏನರ ಬ್ಯಾಸರ ಆಗೈತೇನೋ, ಅದಕ್ಕ ಮಾತ ಬಿಟ್ಟಾಳೇನೋ ಅಂತ ದಿನಾ ಸಂಜೀಕ ಕುಂತು ನೆನಸ್ತೀನಿ. ಸುವರ್ಣಾ, ನೀನ ಹೇಳವಾ. ಆ ಎತ್ತು ಸತ್ತೈತೇನು?"

ಸುವರ್ಣಾ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು.

"ಹೌದ್ರಿ, ಅಕ್ಕಾರ. ಸತ್ತೈತಿ."

"ನಮ್ಮಕ್ಕ?"

ಸುವರ್ಣಾ ಎದ್ದು ಹೋಗಿ ಬಸಲಿಂಗವ್ವನ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡು, "ಶಾವಂತ್ರೆಕ್ಕಾರೂ ಹೋದ್ರರಿ" ಅಂದಳು. ಬಸಲಿಂಗವ್ವ ಆ ಕೈಯನ್ನು ಬಿಗಿಯಾಗಿ ಹಿಡಿದು ಅತ್ತಳು. ಜೋರಾಗಿ, ಅಕ್ಕನ ಹೆಸರು ಹಿಡಿದು ಕರೆದು ಅತ್ತಳು. ಮಲ್ಲೇಶಪ್ಪ ಓಡಿ ಬಂದು ಗುಳಿಗೆ, ನೀರು ತಂದಿಟ್ಟ. ಅಕ್ಕನಿಗೆ ಏನಾಗಿತ್ತು, ಕೊನೆಗೆ ಏನಂದಳು, ಯಾರು ಹತ್ತಿರವಿದ್ದರು, ಎಲ್ಲಾ ಕೇಳಿ ಹೇಳಿಸಿಕೊಂಡಳು. ಕೊನೆಯ ಮಾತು ತನ್ನ ಬಗ್ಗೆಯೇ ಇತ್ತು ಎಂದು ತಿಳಿದಾಗ ಇನ್ನಷ್ಟು ಅತ್ತಳು. ಆದರೆ ಎಲ್ಲರೂ ಹೆದರಿದ ಹಾಗೆ ಅವಳ ಎದೆ ಒಡೆಯಲಿಲ್ಲ. ಎರಡು ತಿಂಗಳಿನಿಂದ ಅಲ್ಲಿ ಕೂತಿದ್ದ ಕಲ್ಲು ಕರಗಿತು, ಅಷ್ಟೇ.

ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಅಂದಳು: "ಈಗ ಆ ಏಳನೇದ್ದು ಓದು. ಪುಸ್ತಕದಾಗ ಇದ್ದಂಗ ಓದು."

ಮಾಸ್ತರರು ಸದ್ದಿಲ್ಲದೆ ಫೋನಿನ ರೆಕಾರ್ಡ್ ಗುಂಡಿ ಒತ್ತಿದರು. ಸುವರ್ಣಾ ಪುಸ್ತಕ ತೆರೆದಳು. "ಎತ್ತು ನೆಲಕ್ಕೆ ತಲೆ ಇಟ್ಟಿತು. ಮುದುಕಿ ಅದರ ಕಣ್ಣಿಗೆ ಕಟ್ಟಿದ್ದ ಗಾಣದ ಬಟ್ಟೆ ಬಿಚ್ಚಿದಳು. ಎತ್ತು ಒಮ್ಮೆ ಅವಳನ್ನು ನೋಡಿತು" ಎಂದು ಓದುವಷ್ಟರಲ್ಲಿ ಅವಳ ದನಿ ಕಟ್ಟಿತು. ಮುಂದಿನ ಸಾಲು ಬರಲಿಲ್ಲ.

"ಓದವಾ" ಅಂದಳು ಬಸಲಿಂಗವ್ವ. "ನಾ ಇಲ್ಲೇ ಅದೀನಿ."

ಸುವರ್ಣಾ ಓದಿದಳು. ಎತ್ತು ಸತ್ತಿತು. ಅಧ್ಯಾಯ ಮುಗಿಯಿತು. ಆಮೇಲೆ ಗೋಡೆಗೆ ಒರಗಿದ್ದ ಬಸಲಿಂಗವ್ವ ಒಂದು ಉದ್ದನೆಯ ಉಸಿರು ಬಿಟ್ಟು, "ಹೂಂ" ಅಂದಳು.

ಒಂಬತ್ತನೆಯ ಅಧ್ಯಾಯವನ್ನು ಶಮೀಮಾ ಟೀಚರು ಮತ್ತೆ ಓದಿಕೊಟ್ಟರು. ವಾರ್ಷಿಕೋತ್ಸವದ ಪುಸ್ತಕ ಹೊರಗೆ ಬಂತು. ಹಲ್ಲಿಯ ಸದ್ದನ್ನೂ ಬಿಡದ ಹಂಪಣ್ಣ ಮಾಸ್ತರರು ಏಳನೆಯ ಅಧ್ಯಾಯಕ್ಕೆ ಮಾತ್ರ ಕತ್ತರಿ ಹಾಕಲಿಲ್ಲ. ಇವತ್ತಿಗೂ ಅದನ್ನು ಕೇಳುವವರಿಗೆ ನಡುವೆ ಓದುವವಳ ದನಿ ಕಟ್ಟುವುದು ಕೇಳಿಸುತ್ತದೆ, ಓದವಾ ಎನ್ನುವ ಇನ್ನೊಂದು ದನಿ ಕೇಳಿಸುತ್ತದೆ, ಕಟ್ಟಕಡೆಗೆ ಆ ಹೂಂ ಕೂಡ ಕೇಳಿಸುತ್ತದೆ.

ನೀತಿ: ನಮ್ಮವರಿಗೆ ನೋವಾಗದಿರಲಿ ಎಂದು ಅವರ ದುಃಖದ ಪುಟವನ್ನು ನಾವೇ ಹಾರಿಸಿ ಓದಬಾರದು. ಪುಟ ಹಾರಿಸಿದರೆ ದುಃಖ ಹೋಗುವುದಿಲ್ಲ, ಅದು ಯಾತಕ್ಕೆ ಬಂತೆಂದು ತಿಳಿಯದೆ ಅವರು ಒಬ್ಬರೇ ತಡಕಾಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೇಳುವಾಗ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ.