ಸಾಹೇಬರ ಭಯ

ಮಲಪ್ರಭೆಯ ದಂಡೆಯ ಸಣ್ಣ ಮಠವೊಂದರಲ್ಲಿ ಪೂಜ್ಯ ಗಂಗಾಂಬಿಕಾ ತಾಯಿಯವರು ವಾಸವಾಗಿದ್ದರು. ದಾಸೋಹದ ಜೋಳವನ್ನು ತಾವೇ ಕುಳಿತು ಹಸನು ಮಾಡುತ್ತಿದ್ದರು. ದರ್ಶನಕ್ಕೆ ಯಾರೇ ಬರಲಿ, ಕೈಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಬಂದವರ ಮಾತನ್ನು ಪೂರ್ತಿ ಆಲಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಸಮೀಪದ ಪಟ್ಟಣದ ನೀರು ಸರಬರಾಜು ಕಚೇರಿಯ ಇಂಜಿನಿಯರ್ ಚನ್ನವೀರ ಹೂಗಾರರು ಅಲ್ಲಿಗೆ ಬಂದರು. ಅವರಿಗೆ ಸಾಧುಸಂತರಲ್ಲಿ ನಂಬಿಕೆಯಿರಲಿಲ್ಲ. ಹೆಂಡತಿಯ ಒತ್ತಾಯಕ್ಕೆ ಬಂದಿದ್ದರು. ಗುಡ್ಡದ ಮೇಲಿನ ನೀರಿನ ಟಾಕಿ ಬಿರುಕು ಬಿಟ್ಟಿತ್ತು. ಅದರ ಕೆಳಗೇ ಮನೆಗಳು. ಟಾಕಿ ಖಾಲಿ ಮಾಡಿ ದುರಸ್ತಿ ಮಾಡೋಣವೆಂದಾಗಲೆಲ್ಲ ಮೇಲಧಿಕಾರಿ ದೇಸಾಯಿ ಸಾಹೇಬರು ಮಾತು ತೇಲಿಸುತ್ತಿದ್ದರು. ಕೊನೆಗೆ ತುಂಬಿದ ಸಭೆಯಲ್ಲಿ ಚನ್ನವೀರರು ಅವರನ್ನು ಹೇಡಿ ಎಂದುಬಿಟ್ಟರು. ಅಂದಿನಿಂದ ಇಬ್ಬರ ನಡುವೆ ಮಾತಿರಲಿಲ್ಲ.

“ಕುರ್ಚಿ ಮ್ಯಾಲೆ ಕುಂತವ್ರಿಗೆ ಜನರ ಜೀವದ ಕಿಮ್ಮತ್ತಿಲ್ರಿ ತಾಯಿ,” ಎಂದರು ಚನ್ನವೀರರು, ನಡೆದದ್ದನ್ನೆಲ್ಲ ಹೇಳಿ.

“ಸಾಹೇಬ್ರು ಯಾಕ ಒಲ್ಲೆ ಅಂತಾರ?”

“ಹೆದರಿಕಿರಿ.”

“ಯಾತರ ಹೆದರಿಕಿ?”

ಇಷ್ಟು ಜಗಳವಾಡಿದ ಚನ್ನವೀರರು ಅದೊಂದನ್ನು ಕೇಳಿರಲೇ ಇಲ್ಲ.

“ಮೊದಲ ಅದನ್ನ ಕೇಳು ತಮ್ಮಾ,” ಎಂದರು ತಾಯಿಯವರು. “ಕೇಳೂವಾಗ ನಿನ್ನ ವಾದ ಹೂಡಬ್ಯಾಡ.”

ಮರುದಿನ ಚನ್ನವೀರರು ಸಾಹೇಬರ ಮನೆಗೇ ಹೋಗಿ, ಆಡಿದ ಮಾತಿಗೆ ಕ್ಷಮೆ ಬೇಡಿ, ತಾಯಿಯವರ ಪ್ರಶ್ನೆಯನ್ನು ಕೇಳಿದರು. ಸಾಹೇಬರು ಒಳಕೋಣೆಯತ್ತ ಕೈ ತೋರಿಸಿದರು. ಅಲ್ಲಿ ವೃದ್ಧೆಯೊಬ್ಬರು ಮಲಗಿದ್ದರು.

“ಹಿಂದ ನಾ ಕೆಲಸಕ್ಕಿದ್ದ ಊರಾಗ ದುರಸ್ತಿಗಂತ ನೀರು ನಿಲ್ಲಿಸಿದಾಗ ಜನ ಮನೀಗೆ ಕಲ್ಲು ಒಗದ್ರು. ಅವ್ವಗ ಪೆಟ್ಟಾತು. ಆಮ್ಯಾಲೆ ಆಕಿ ಎದ್ದು ಅಡ್ಡಾಡಿಲ್ಲ.”

ಚನ್ನವೀರರ ಕಣ್ಣು ತುಂಬಿ ಬಂತು. “ನೀರು ಪೂರ್ತಿ ನಿಲ್ಲಿಸೂದು ಬ್ಯಾಡ್ರಿ ಸರ್. ಬೋರ್‌ವೆಲ್ ನೀರನ್ನ ಓಣಿಗೊಮ್ಮೆ ಸರದಿ ಪ್ರಕಾರ ಬಿಡೂಣು. ಮುಂಚಿತವಾಗಿ ಮನಿಮನಿಗೆ ಹೋಗಿ ನಾನ ಹೇಳ್ತೀನಿ. ಬೈಗಳ ಬಂದ್ರ ನನಗ ಬರಲಿ.”

ಸಾಹೇಬರು ಒಂದೊಂದೇ ತೊಡಕನ್ನು ಎತ್ತಿ ಕೇಳಿದರು. ಚನ್ನವೀರರು ಸಮಾಧಾನದಿಂದ ಉತ್ತರಿಸಿದರು. ಆ ವಾರವೇ ಟಾಕಿ ಖಾಲಿಯಾಯಿತು. ಗೋಡೆಯ ಗಿಲಾವು ಕೆರೆದು ನೋಡಿದಾಗ ಬಿರುಕು ತಳಪಾಯದವರೆಗೂ ಇಳಿದಿತ್ತು. ಸಾಹೇಬರು ಅದರೊಳಗೆ ಅಂಗೈ ತೂರಿಸಿ ನೋಡಿ, “ನೀ ಅಂದದ್ದು ಖರೆ, ಚನ್ನವೀರ,” ಎಂದರು.

ದುರಸ್ತಿ ಮುಗಿದು ಊರಿಗೆಲ್ಲ ನೀರು ಹರಿದ ದಿನ ಚನ್ನವೀರರು ಮಠಕ್ಕೆ ಬಂದು ಅಡ್ಡಬಿದ್ದು ನಡೆದದ್ದನ್ನೆಲ್ಲ ಅರಿಕೆ ಮಾಡಿಕೊಂಡರು. ತಾಯಿಯವರು ಟಾಕಿಯ ಮಾತೆತ್ತಲಿಲ್ಲ.

“ಸಾಹೇಬ್ರ ಅವ್ವಾರು ಹೆಂಗದಾರ?” ಎಂದು ಕೇಳಿದರು.

“ಆರಾಮ ಅದಾರ್ರಿ ತಾಯಿ. ದಿನಾ ಸಂಜಿಕ ಹೋಗಿ ಮಾತಾಡಿಸಿ ಬರ್ತೀನಿ,” ಎಂದರು ಚನ್ನವೀರರು.